ತನ್ನದೇ ರೆಕಾರ್ಡುಗಳ ಮುಂದೆ ಕೂತ ಗಿಟಾರ್ ವಾದಕ

1980ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ಕಣ್ಣು ತೆರೆದ ಪ್ಯಾಟ್ ಮಾರ್ಟಿನೋಗೆ ಹಾಸಿಗೆಯ ಬಳಿ ನಿಂತಿದ್ದ ತಂದೆ ತಾಯಿಯ ಗುರುತು ಸಿಗಲಿಲ್ಲ. ತಾನು ಹೆಸರಾಂತ ಜಾಝ್ ಗಿಟಾರ್ ವಾದಕ ಎಂಬುದೂ ನೆನಪಿನಲ್ಲಿ ಉಳಿದಿರಲಿಲ್ಲ. ಹುಟ್ಟಿನಿಂದಲೇ ಇದ್ದ ರಕ್ತನಾಳದ ದೋಷವೊಂದು ಒಡೆದು, ಜೀವ ಉಳಿಸಲು ಮಿದುಳಿನ ಎಡಭಾಗದ ಒಂದಷ್ಟನ್ನು ವೈದ್ಯರು ತೆಗೆಯಬೇಕಾಗಿತ್ತು.

1944ರಲ್ಲಿ ಹುಟ್ಟಿದ ಮಾರ್ಟಿನೋ ಹದಿಹರೆಯದಲ್ಲೇ ವೃತ್ತಿಗೆ ಇಳಿದವರು. 1967ರಲ್ಲಿ ಅವರ ಮೊದಲ ಆಲ್ಬಮ್ 'ಎಲ್ ಹೋಂಬ್ರೆ' ಬಂತು. ಆಸ್ಪತ್ರೆಯಿಂದ ಮನೆಗೆ ಮರಳಿದ ಮಗನಿಗೆ ಕೇಳುವಂತೆ ತಂದೆ ಆ ಹಳೆಯ ರೆಕಾರ್ಡುಗಳನ್ನು ಹಾಕುತ್ತಿದ್ದರಂತೆ. ಮಾರ್ಟಿನೋ ತನ್ನ ರೆಕಾರ್ಡುಗಳಿಂದಲೇ ಗಿಟಾರನ್ನು ಮತ್ತೆ ಕಲಿತರು ಎಂಬ ಮಾತು ಜಾಝ್ ಪ್ರಿಯರಲ್ಲಿ ದಂತಕಥೆಯಂತೆ ಹರಡಿದೆ.

ಸಂಶೋಧನೆಗೆಂದು ದಿನವೂ ದಾಖಲೆಗಳ ಮುಂದೆ ಕೂರುವ ನನಗೆ ಈ ಕಥೆ ಒಮ್ಮೆಗೇ ಹಿಡಿಸಿತು, ಅನುಮಾನವೂ ಹುಟ್ಟಿತು. ದಾಖಲೆ ಇದ್ದರೆ ನೆನಪು ಮರಳುತ್ತದೆಯೇ? ಜಾಝ್‌ನಲ್ಲಿ ನಮ್ಮ ಸಂಗೀತದ ಮನೋಧರ್ಮದ ಹಾಗೆ ಆ ಕ್ಷಣದಲ್ಲಿ ಹುಟ್ಟುವುದೇ ಹೆಚ್ಚು. ರೆಕಾರ್ಡು ಹಿಡಿದಿಡುವುದು ಒಂದು ದಿನದ ನುಡಿಸಾಣಿಕೆಯನ್ನು ಮಾತ್ರ. ಮಾರ್ಟಿನೋ ಸ್ವತಃ ಹೇಳಿಕೊಂಡಿರುವುದು ಬೇರೆಯೇ: ವಾದ್ಯ ಹಿಡಿದು ಕೆಲಸ ಮಾಡುತ್ತ ಹೋದಂತೆ ಬೆರಳುಗಳ ನೆನಪು ತುಣುಕು ತುಣುಕಾಗಿ ಮರಳಿತು.

1987ರಲ್ಲಿ ಅವರು ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಬೇಸ್ ಮತ್ತು ಡ್ರಮ್ಸ್ ವಾದಕರೊಂದಿಗೆ ನುಡಿಸಿದರು. ಆ ಆಲ್ಬಮ್ಮಿನ ಹೆಸರು 'ದಿ ರಿಟರ್ನ್'. ಆದರೆ ನಾನು ಮತ್ತೆ ಮತ್ತೆ ಕೇಳುವುದು 2000ದ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಮುದ್ರಿಸಿದ 'ಲೈವ್ ಅಟ್ ಯೋಶೀಸ್'. ಜೊತೆಗಿರುವವರು ಇಬ್ಬರೇ: ಆರ್ಗನ್ನಿನಲ್ಲಿ ಜೋಯಿ ಡಿಫ್ರಾನ್ಸೆಸ್ಕೊ, ಡ್ರಮ್ಸ್‌ನಲ್ಲಿ ಬಿಲ್ಲಿ ಹಾರ್ಟ್. ಇಂಥ ತಂಡದಲ್ಲಿ ಬೇಸ್ ವಾದಕ ಇರುವುದಿಲ್ಲ. ಮಂದ್ರದ ನಡೆಯನ್ನೂ ಆರ್ಗನ್ ವಾದಕನೇ ಹೊರುತ್ತಾನೆ. ಒಬ್ಬರು ಕಿವಿ ಸಡಿಲಿಸಿದರೂ ಮೂವರೂ ಎಡವುತ್ತಾರೆ.

ಆ ರಾತ್ರಿಗಳಲ್ಲಿ ಅವರು ನುಡಿಸಿದ ರಚನೆಗಳಲ್ಲಿ 'ಎಲ್ ಹೋಂಬ್ರೆ'ಯೂ ಒಂದು. 1967ರ ಮುದ್ರಣದಲ್ಲಿಯೂ ಆರ್ಗನ್ ಇತ್ತು. ನುಡಿಸಿದ್ದು ಟ್ರೂಡಿ ಪಿಟ್ಸ್. ಡಿಫ್ರಾನ್ಸೆಸ್ಕೊ ಹುಟ್ಟಿದ್ದೇ 1971ರಲ್ಲಿ. ಅಂದರೆ, ಬರೆದವನೇ ಒಮ್ಮೆ ಮರೆತಿದ್ದ ರಚನೆಗೆ, ಅದು ಮುದ್ರಣವಾದಾಗ ಹುಟ್ಟಿಯೇ ಇರದ ಹುಡುಗ ಆಸರೆಯಾಗಿದ್ದಾನೆ. ಫಿಲಡೆಲ್ಫಿಯಾದ ಆರ್ಗನ್ ಪರಂಪರೆ ಅವನ ಕೈಗೂ ಬಂದಿತ್ತು.

ಎರಡೂ ಮುದ್ರಣಗಳನ್ನು ಒಂದಾದ ಮೇಲೊಂದು ಕೇಳಿ ನೋಡಿ. ಮಾರ್ಟಿನೋ 2021ರಲ್ಲಿ, ಡಿಫ್ರಾನ್ಸೆಸ್ಕೊ 2022ರಲ್ಲಿ ತೀರಿಕೊಂಡರು. ಈಗ ನಮ್ಮ ಬಳಿ ಉಳಿದಿರುವುದು ಮತ್ತೆ ರೆಕಾರ್ಡುಗಳೇ. ಅವು ನೆನಪಾಗಬೇಕಾದರೆ ಯಾರೋ ವಾದ್ಯ ಕೈಗೆತ್ತಿಕೊಳ್ಳಬೇಕು, ಪಕ್ಕದಲ್ಲಿ ಇನ್ನೊಬ್ಬರು ಕಿವಿಗೊಟ್ಟು ಕೂತಿರಬೇಕು.