ಮನೆಯ ಮೇಲಿನ ಆಕಾಶ ಯಾರದು?

ಬೊಮ್ಮಸಂದ್ರದಲ್ಲಿ ಕಾರ್ಖಾನೆಗಳ ಶೆಡ್ಡುಗಳಿಗೆ ಸಮೀಪದಲ್ಲೇ ವಾಸದ ಮನೆಗಳಿವೆ. ಶೆಡ್ಡಿನ ಛಾವಣಿಯನ್ನು ಚಿತ್ರೀಕರಿಸಲು ಡ್ರೋನ್ ಹಾರಿಸಿದರೆ ಪಕ್ಕದ ಮನೆಯ ತಾರಸಿ, ಹಿತ್ತಿಲುಗಳೂ ಕ್ಯಾಮೆರಾಕ್ಕೆ ಸಿಗುತ್ತವೆ. ಮನೆಯವರು ಇದನ್ನು ತಡೆಯಬಹುದೇ? ಈ ಪ್ರಶ್ನೆಯ ಚರಿತ್ರೆ ಡ್ರೋನಿಗಿಂತ ಬಹಳ ಹಳೆಯದು.

ನೆಲದ ಒಡೆಯನಿಗೇ ಮೇಲಿನ ಆಕಾಶ, ಕೆಳಗಿನ ಪಾತಾಳಗಳೂ ಸೇರುತ್ತವೆ ಎಂಬ ಸೂತ್ರ ಮಧ್ಯಯುಗದ ಯೂರೋಪಿನದು. ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ತಮಾಷೆಯಾಗಿ ಕಂಡೀತು. ಲಂಬರೇಖೆಗಳು ಸಮಾಂತರವಲ್ಲವಷ್ಟೆ! 30×40 ಅಡಿಯ ಸೈಟು ಭೂಕೇಂದ್ರದಲ್ಲಿ ಬರಿಯ ಬಿಂದು, 6,371 ಕಿ.ಮೀ. ಎತ್ತರದಲ್ಲಿ ಅದೇ 60×80 ಅಡಿ.

ವಿಮಾನಗಳು ಬಂದ ಮೇಲೆ ಈ ಸೂತ್ರ ನಿಲ್ಲಲಿಲ್ಲ. ಗಾಳಿ, ಹವೆಗಳನ್ನು ಗಮನಿಸಿ ಸಮಂಜಸವೆನಿಸುವ ಎತ್ತರದಲ್ಲಿ ಹಾರಿದ ಮಾತ್ರಕ್ಕೆ ಅತಿಕ್ರಮಣದ ದಾವೆ ಹೂಡಲಾಗದು ಎಂದು ಭಾರತದ 1934ರ ವಿಮಾನ ಕಾಯಿದೆಯ 17ನೆಯ ಸೆಕ್ಷನ್ ಹೇಳಿತು. (2025ರ ಜನವರಿಯಿಂದ ಆ ಕಾಯಿದೆಯ ಜಾಗದಲ್ಲಿ ಭಾರತೀಯ ವಾಯುಯಾನ ಅಧಿನಿಯಮವಿದೆ.) ಅಮೆರಿಕದಲ್ಲಿ ಕಾಸ್ಬಿ ಎಂಬ ರೈತನ ಜಮೀನಿನ ಮೇಲೆ ಸೇನಾ ವಿಮಾನಗಳು ಕೇವಲ 83 ಅಡಿ ಎತ್ತರದಲ್ಲಿ ಹಾದುಹೋಗುತ್ತಿದ್ದವು. ಬೆದರಿದ ಕೋಳಿಗಳು ಗೋಡೆಗೆ ಅಪ್ಪಳಿಸಿ ಸತ್ತವು, ಒಟ್ಟು ಸುಮಾರು 150. ಒಡೆಯ ನೆಲದ ಮೇಲೆ ಬಳಸಬಲ್ಲಷ್ಟು ಆಕಾಶ ಮಾತ್ರ ಅವನದು ಎಂದು 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕೋಳಿಗಳಿಂದಾಗಿ ಆಕಾಶಕ್ಕೊಂದು ಗಡಿ ಬಿತ್ತು ಎನ್ನಬೇಕು.

ಭಾರತದಲ್ಲಿ ಖಾಸಗಿ ಡ್ರೋನುಗಳಿಗೆ 2014ರಲ್ಲಿ ನಿಷೇಧ ಬಂತು. 2018ರ ನಿಯಮಗಳು ಹಾರಾಟಕ್ಕೆ ದಾರಿ ತೆರೆದರೂ, ಡ್ರೋನ್ ಏರುವ ಮತ್ತು ಇಳಿಯುವ ನೆಲದ ಒಡೆಯನ ಒಪ್ಪಿಗೆಯನ್ನಷ್ಟೇ ಕೇಳಿದವು. 2021ರ ಮಾರ್ಚಿನ ನಿಯಮಗಳಲ್ಲಿ ಖಾಸಗಿತನದ ಮಾತಿತ್ತು. ಅದೇ ಆಗಸ್ಟಿನಲ್ಲಿ ಅವುಗಳ ಬದಲಿಗೆ ಬಂದ ನಿಯಮಗಳಲ್ಲಿ ಅದು ಬಿಟ್ಟುಹೋಯಿತು. ಕೆಂಪು, ಹಳದಿ, ಹಸಿರು ವಲಯಗಳು ಬಂದವು. ಹಸಿರು ವಲಯದಲ್ಲಿ ಸಾಮಾನ್ಯವಾಗಿ 120 ಮೀಟರಿನವರೆಗೆ, ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ಅಂತರದಲ್ಲಿ 60 ಮೀಟರಿನವರೆಗೆ ಹಾರಲು ಅನುಮತಿ ಬೇಡ.

ಇವೆಲ್ಲ ಎತ್ತರದ ಲೆಕ್ಕ. ಮನೆಯೊಳಕ್ಕೆ ಇಣುಕಲು ಡ್ರೋನ್ ಮನೆಯ ಮೇಲೆ ಬರಲೇಬೇಕಿಲ್ಲ. ಕಾಂಪೌಂಡಿನಿಂದ 100 ಮೀಟರ್ ಆಚೆ, 60 ಮೀಟರ್ ಎತ್ತರದಲ್ಲಿ ಅದು ನಿಂತಿದೆಯೆನ್ನಿ. ಸಮರೂಪ ತ್ರಿಭುಜಗಳಿಂದ ಲೆಕ್ಕ ಹಾಕಿದರೆ, 2 ಮೀಟರಿನ ಗೋಡೆ ಅಂಗಳದಲ್ಲಿ ಮರೆಮಾಡುವುದು ಸುಮಾರು ಮೂರೂವರೆ ಮೀಟರ್ ಮಾತ್ರ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯವಾಗಿ ಸಲ್ಲಿಸಿದ ಅರ್ಜಿಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆದರೆ ಆ ಹಕ್ಕು ಮುಖ್ಯವಾಗಿ ಸರ್ಕಾರದ ಎದುರಿನದು. ಪಕ್ಕದ ಶೆಡ್ಡಿನಿಂದೆದ್ದ ಡ್ರೋನಿನ ಬಗ್ಗೆ ಮನೆಯವರು ಇಂದಿಗೂ ಉಪದ್ರವದ ದಾವೆ ಹಿಡಿದು ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು.