ಗಣಿಯೂರಿನಲ್ಲಿ ಗಾಲ್ಫ್ ಪಾಠ

ಕೋಲಾರದ ಚಿನ್ನದ ಗಣಿ ಎಂದೊಡನೆ ನಮ್ಮ ಕಲ್ಪನೆ ನೆಲದೊಳಕ್ಕೆ ಇಳಿಯುತ್ತದೆ. ಅದು ಸಹಜವೇ, ಅಲ್ಲಿಯ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ನಾನು ಈಗ ಹೇಳಹೊರಟಿರುವುದಾದರೋ ನೆಲದ ಮೇಲಿನ ಒಂದು ಸಣ್ಣ ಕುಳಿಯ ಮಾತು. ಅದರ ಅಗಲ ಕೇವಲ 4¼ ಅಂಗುಲ.

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಗಣಿಗಳ ಆಡಳಿತವನ್ನು ವಹಿಸಿಕೊಂಡ ಮೇಲೆ ಸೀಮೆಯ ಎಂಜಿನಿಯರುಗಳು ಬಂದರು, ಅವರ ಹಿಂದೆ ಬಂಗಲೆ, ಚರ್ಚು, ಕ್ಲಬ್ಬು ಬಂದವು, ಗಾಲ್ಫೂ ಬಂತು. ಆ ಹೊತ್ತಿಗೆ ಆಟ ನಮ್ಮ ನಾಡಿಗೆ ಹೊಸದೇನೂ ಆಗಿರಲಿಲ್ಲ. ಕಲ್ಕತ್ತೆಯಲ್ಲಿ 1829ರಲ್ಲೇ ಕ್ಲಬ್ಬು ಹುಟ್ಟಿತ್ತು, ಬೆಂಗಳೂರಿನಲ್ಲಿ 1876ರಲ್ಲಿ. ಬಿಲ್ಲುವಿದ್ಯೆಯ ಅಭ್ಯಾಸಕ್ಕೆ ಕೇಡೆಂದು 1457ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ನಿಷೇಧಿಸಿದ್ದ ಆಟವಿದು! ಅಲ್ಲಿ ಕಡಲತಡಿಯ ತೇವದ ಹುಲ್ಲು. ಇಲ್ಲಿ ಸಯನೈಡ್ ದಿಬ್ಬಗಳ ನೆರಳಿನ ಒಣನೆಲ. ಹುಲ್ಲು ನಿಲ್ಲದ ಕಡೆ ಮರಳಿಗೆ ಎಣ್ಣೆ ಬೆರೆಸಿ, ತಟ್ಟಿ, ಕುಳಿಯ ಸುತ್ತ ನುಣುಪಾದ ಅಂಗಳ ಮಾಡುತ್ತಿದ್ದರು. ಬೇರೆಡೆ 'ಗ್ರೀನ್' ಎನ್ನುವುದನ್ನು ಇಂಥ ಮೈದಾನಗಳಲ್ಲಿ 'ಬ್ರೌನ್' ಎಂದರು. ಹೆಸರಿಟ್ಟವನ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ಆಡುವವರ ಚೀಲ ಹೊರಲು ಹುಡುಗರು ಬೇಕು. ಅವರಿಗೆ ಕ್ಯಾಡಿ ಎಂದು ಹೆಸರು. ಗಾಲ್ಫಿನ ಚರಿತ್ರೆಯಲ್ಲಿ ಮಕ್ಕಳ ಪ್ರವೇಶ ಬಹುಮಟ್ಟಿಗೆ ಈ ಹಿಂಬಾಗಿಲಿನಿಂದಲೇ. ಜಗತ್ತಿಗೆ ಕೋಲು ಹಿಡಿಯುವ ಬಗೆಯನ್ನು ರೂಢಿಸಿಕೊಟ್ಟ ಹ್ಯಾರಿ ವಾರ್ಡನ್ ಬಾಲ್ಯದಲ್ಲಿ ಚೀಲ ಹೊತ್ತವನು. 1913ರ ಅಮೆರಿಕನ್ ಓಪನ್‌ನಲ್ಲಿ ಅದೇ ವಾರ್ಡನ್ನನನ್ನು ಸೋಲಿಸಿದ 20 ವರ್ಷದ ಫ್ರಾನ್ಸಿಸ್ ವೀಮೆಟ್ ಕೂಡ ಮೊದಲು ಕ್ಯಾಡಿಯೇ. ಅಂದು ಅವನ ಚೀಲ ಹೊತ್ತವನು 10 ವರ್ಷದ ಪೋರ.

ನನಗೆ ಗಾಲ್ಫ್ ಕಲಿಸಿದವನೂ ಅಂಥವನೇ. 1971ರ ಬೇಸಗೆ ರಜೆ. ನನಗೆ ಹನ್ನೊಂದು ವರ್ಷ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಊರಿಗಾಂನಲ್ಲಿ ಇಳಿದರೆ ಸೋದರಮಾವನ ಮನೆ. ಮಾವ ಗಣಿಯಲ್ಲಿ ಗುಮಾಸ್ತರು. ಕಾರ್ಮಿಕರ ಲೈನಿನ ಆ ಹುಡುಗ ಬೆಳಗ್ಗೆ ಚೀಲ ಹೊತ್ತು, ಸಂಜೆ ಬಯಲಿನಲ್ಲಿ ಸೀಬೆಮರದ ಡೊಂಕು ಕೊಂಬೆಯಿಂದ ಸಿಪ್ಪೆ ಸುಲಿದ ಹಳೆಯ ಚೆಂಡನ್ನು ಹೊಡೆಯುತ್ತಿದ್ದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಣ್ಣಿನಿಂದಲೇ ಕದ್ದ ವಿದ್ಯೆ.

ಕೊಂಬೆಯನ್ನು ನಾನು ದೊಣ್ಣೆಯಂತೆ ಹಿಡಿದೆ. ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೂರಿಸಿದ: ಎಡಗೈ ಮೇಲೆ, ಬಲಗೈ ಕೆಳಗೆ, ಬಲಗೈಯ ಕಿರುಬೆರಳು ಎಡಗೈಯ ತೋರುಬೆರಳಿನ ಮೇಲೆ. ಅದು ವಾರ್ಡನ್ನನ ಹಿಡಿತವೆಂದು ನನಗೆ ತಿಳಿದದ್ದು ಮೂವತ್ತು ವರ್ಷಗಳ ಮೇಲೆ, ಕಾಲೇಜಿನ ಗ್ರಂಥಾಲಯದಲ್ಲಿ. "ಹಗ್ಗ ಹಿಡಿದ ಹಾಗೆ ಬೇಡಪ್ಪಾ, ದೀಪ ಹಿಡಿದ ಹಾಗೆ ಹಿಡಿ" ಎಂದು ತಮಿಳು ಬೆರೆತ ಕನ್ನಡದಲ್ಲಿ ಹೇಳಿದ. ದೂರಕ್ಕೆ ಹೊಡೆಯಲು ಬಿಡಲೇ ಇಲ್ಲ. ಮೊದಲು ಕುಳಿಯಿಂದ ಒಂದು ಗೇಣು, ಆಮೇಲೆ ಒಂದು ಮೊಳ, ಅನಂತರ ಒಂದು ಮಾರು. ನಾನು ಚಿನ್ನಿದಾಂಡಿನವನು, ಆ ಆಟದಲ್ಲಿ ಕುಳಿಯಿಂದ ಚಿಮ್ಮಿ ಹೊರಗೆ ಕಳಿಸುವುದೇ ಸಾಹಸ. ಇಲ್ಲಿ ಎಲ್ಲ ಸಾಹಸವೂ ಕುಳಿಯ ಬಾಯಲ್ಲಿ ಮೆತ್ತಗಾಗಬೇಕು. ನನ್ನ ಚೆಂಡು ಪ್ರತಿ ಸಲವೂ ಕುಳಿ ಹಾರಿ ಹೋಗುತ್ತಿತ್ತು.

ಇಂದು ಮಕ್ಕಳಿಗೆ ಕಲಿಸುವ ಅನೇಕ ಶಿಕ್ಷಕರ ಕ್ರಮವೂ ಇದೇ: ಎತ್ತರಕ್ಕೆ ತಕ್ಕ ಗಿಡ್ಡ ಕೋಲು, ಮೊದಲು ಕುಳಿಯ ಬಳಿಯ ನವುರು ಹೊಡೆತ, ಬೀಸು ಆಮೇಲೆ. ಬೆಂಗಳೂರಿನ ಅದಿತಿ ಅಶೋಕ್ ಐದನೆಯ ವಯಸ್ಸಿನಲ್ಲಿ ಕೋಲು ಹಿಡಿದವರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದಾಗ ಅವರನ್ನು ಅಷ್ಟೆತ್ತರಕ್ಕೆ ಒಯ್ದದ್ದು ದೂರದ ಹೊಡೆತವಲ್ಲ, ಕುಳಿಯ ಬಳಿಯ ಕೈಚಳಕ. ಆ ಸುದ್ದಿ ಓದಿದ ದಿನ ನನಗೆ ಸೀಬೆಕೊಂಬೆಯ ನೆನಪಾಯಿತು.

ಗುರುದಕ್ಷಿಣೆಯಾಗಿ ಅವನು ಕೇಳಿದ್ದು ಒಂದೇ. ರೈಲುನಿಲ್ದಾಣದ ಕನ್ನಡ ಫಲಕಗಳನ್ನು ಓದಲು ಬಾರದು. ತನ್ನ ಹೆಸರನ್ನಾದರೂ ಕನ್ನಡದಲ್ಲಿ ಬರೆಯಲು ಕಲಿಸು ಎಂದ. ಮಣ್ಣಿನ ಮೇಲೆ ಕೊಂಬೆಯಿಂದಲೇ ಬರೆದು ತೋರಿಸಿದೆ. ಬೇಗ ಕಲಿತ. ಹೆಸರಿನ ಕೊನೆಯಲ್ಲೊಂದು ಒತ್ತಕ್ಷರವಿತ್ತು. ಅದು ಕಷ್ಟ, ಮುಂದಿನ ರಜೆಗೆ ಹೇಳಿಕೊಡುತ್ತೇನೆಂದು ರೈಲು ಹತ್ತಿದೆ. ಮುಂದಿನ ವರ್ಷ ನನ್ನನ್ನು ದೂರದ ವಿದ್ಯಾರ್ಥಿನಿಲಯಕ್ಕೆ ಸೇರಿಸಿದರು. ಮತ್ತೆ ಊರಿಗಾಂಗೆ ಹೋಗುವಷ್ಟರಲ್ಲಿ ಆ ಕುಟುಂಬ ಲೈನಿನಲ್ಲಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಮೂವತ್ತನಾಲ್ಕು ವರ್ಷ ಕನ್ನಡ ಮೇಷ್ಟ್ರಾಗಿದ್ದೆ. ತರಗತಿಯಲ್ಲಿ ಒತ್ತಕ್ಷರದ ಪಾಠ ಬಂದಾಗಲೆಲ್ಲ ಹಲಗೆಯ ಮೇಲೆ ಅವನ ಹೆಸರನ್ನೇ ಪೂರ್ತಿಯಾಗಿ ಬರೆಯುತ್ತಿದ್ದೆ. ಯಾರ ಹೆಸರೆಂದು ಹುಡುಗರು ಒಮ್ಮೆಯೂ ಕೇಳಲಿಲ್ಲ.