ತೊರವಿ: ಸಂಗೀತಕ್ಕೆಂದು ಕಟ್ಟಿದ ಊರು

ವಿಜಾಪುರದಿಂದ ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ಹೋದರೆ ತೊರವಿ ಸಿಗುತ್ತದೆ. ಬಾಲ್ಯದಲ್ಲಿ ನಮ್ಮ ಪಾಲಿಗೆ ಅದು ಬಾಸಿ ಈದಿನ ಊರು. ಹಬ್ಬದ ಮರುದಿನ ಮನೆಮಂದಿಯೆಲ್ಲ ಟಾಂಗಾ ಹತ್ತಿ ಹೋಗಿ, ಸಂಗೀತ ಮಹಲಿನ ದೊಡ್ಡ ಕಮಾನಿನ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಅದನ್ನು ಕಟ್ಟಿದವರು ಯಾರು, ಹಾಳುಗೆಡವಿದವರು ಯಾರು ಎಂಬುದು ಆಗ ನಮಗೆ ಬೇಕಿರಲಿಲ್ಲ. ಬಹಳ ವರ್ಷಗಳ ನಂತರ ಅಲ್ಲಿಗೆ ಹೋದಾಗ, ಜೊತೆಗಿದ್ದ ಸೋದರಳಿಯ ಕೇಳಿದ: "ಮಾಮೂ, ಇದನ್ನ ಯಾವ ಹಿಂದೂ ರಾಜ ಕೆಡವಿದ?"

ಕಾಲೇಜು ಓದುವ ಹುಡುಗನ ಈ ಪ್ರಶ್ನೆಯಲ್ಲಿ ನಮ್ಮ ಕಾಲದ ಕಾಯಿಲೆಯೇ ಇದೆ. ಪಾಳುಗೋಡೆ ಕಂಡರೆ ಸಾಕು, ಕೆಡವಿದವನ ಧರ್ಮವನ್ನು ಮೊದಲು ಊಹಿಸುತ್ತೇವೆ.

ತೊರವಿಯ ಕಥೆ ಈ ಊಹೆಗೆ ಒಗ್ಗುವುದಿಲ್ಲ. ಎರಡನೆಯ ಇಬ್ರಾಹೀಮ್ ಆದಿಲಶಾಹ (ಆಳ್ವಿಕೆ 1580-1627) 1599ರಲ್ಲಿ ಇಲ್ಲಿ ನವರಸಪುರವನ್ನು ಕಟ್ಟಿಸತೊಡಗಿದ. ನವರಸ ಎಂಬ ಶಬ್ದದ ಮೇಲೆ ಅವನಿಗೆ ಎಲ್ಲಿಲ್ಲದ ಮೋಹ. ದಖನಿಯಲ್ಲಿ ತಾನು ರಚಿಸಿದ ಹಾಡುಗಳ ಸಂಗ್ರಹಕ್ಕೆ 'ಕಿತಾಬ್-ಎ-ನವರಸ್' ಎಂದು ಹೆಸರಿಟ್ಟ. ಅದರಲ್ಲಿ ಸರಸ್ವತಿ, ಗಣಪತಿಯರ ಸ್ಮರಣೆಯೂ ಇದೆ, ಕಲಬುರ್ಗಿಯ ಹಜರತ್ ಬಂದೇನವಾಜರ ಸ್ಮರಣೆಯೂ ಇದೆ. ಪರ್ಶಿಯನ್ ಕವಿ ಜುಹೂರಿ ಅದಕ್ಕೆ ಮುನ್ನುಡಿ ಬರೆದ. ಜನ ಸುಲ್ತಾನನನ್ನು ಜಗದ್ಗುರು ಎಂದು ಕರೆದರು.

ಸಂಗೀತದ ಈ ಊರನ್ನು 1624ರಲ್ಲಿ ಲೂಟಿ ಮಾಡಿದವನು ಮಲಿಕ್ ಅಂಬರ್. ಗುಲಾಮನಾಗಿ ಮಾರಾಟವಾಗಿ ಬಂದು, ಅಹಮದನಗರದ ನಿಜಾಮಶಾಹಿಯ ವಜೀರನಾಗಿ ಬೆಳೆದ ಹಬ್ಶಿ ವೀರ ಅವನು. ವಿಜಾಪುರವು ಮೊಗಲರ ಪಕ್ಷ ಸೇರಿದ್ದು ಅವನ ಕೋಪಕ್ಕೆ ಕಾರಣ. ಮೂರು ಕಡೆಯೂ ಮುಸ್ಲಿಂ ಅರಸರೇ. ಜಗಳ ರಾಜ್ಯದ್ದು, ದೀನಿನದಲ್ಲ. ಹಾಗೆಂದು ಇಬ್ರಾಹೀಮನನ್ನು ಬರೀ ಹಾಡುಗಾರನೆಂದು ತಿಳಿಯಬೇಕಿಲ್ಲ. 1619ರಲ್ಲಿ ಬೀದರಿನ ಬರೀದಶಾಹಿಯನ್ನು ನುಂಗಿದವನೂ ಅವನೇ. ತಂಬೂರಿ ಹಿಡಿದ ಕೈ ಕತ್ತಿಯನ್ನೂ ಹಿಡಿದಿತ್ತು. ಅರಸರನ್ನು ದೇವರಾಗಿಸುವುದೂ ದೆವ್ವವಾಗಿಸುವುದೂ ಇತಿಹಾಸವಲ್ಲ.

ತೊರವಿಗೆ ಇನ್ನೊಂದು ಹೆಸರುವಾಸಿ ಇದೆ. ಕುಮಾರ ವಾಲ್ಮೀಕಿಯ ಭಾಮಿನಿ ಷಟ್ಪದಿಯ 'ತೊರವೆ ರಾಮಾಯಣ' ಈ ಊರಿನ ನರಸಿಂಹನ ಅಂಕಿತದಲ್ಲಿದೆ. ಆ ನರಸಿಂಹನ ಗುಡಿ ಇಂದಿಗೂ ಪೂಜೆ ಕಾಣುತ್ತಿದೆ. ದಖನಿ ಹಾಡು, ಕನ್ನಡ ಕಾವ್ಯ ಎರಡೂ ಈ ಒಂದೇ ಮಣ್ಣಿನ ಹೆಸರು ಹೊತ್ತಿವೆ. ನಾನು ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತವನು. ಒಂದರಲ್ಲಿ ಸುಲ್ತಾನನ ಹೆಸರು ಕೇಳಿದೆ, ಇನ್ನೊಂದರಲ್ಲಿ ಕುಮಾರ ವಾಲ್ಮೀಕಿಯ ಹೆಸರು ಕೇಳಿದೆ. ಇಬ್ಬರದೂ ಒಂದೇ ಊರು ಎಂದು ಯಾವ ಮೇಷ್ಟರೂ ಹೇಳಲಿಲ್ಲ.

ನೆಲದಡಿಯಲ್ಲಿ ಮೂರನೆಯ ನೆನಪೊಂದಿದೆ. ತೊರವಿ ಕಡೆಯ ಸುರಂಗ ಬಾವಿಯಿಂದ ಆದಿಲಶಾಹಿಗಳು ಭೂಗತ ಕಾಲುವೆ ಕೊರೆಸಿ ನಗರಕ್ಕೆ ನೀರು ತಂದರು. ಅಲ್ಲಲ್ಲಿ ಗಾಳಿಗೂ ದುರಸ್ತಿಗೂ ಬಾಯಿಗಳನ್ನು ಬಿಟ್ಟರು. ಬರದ ನಾಡಿನಲ್ಲಿ ಅದು ದೊಡ್ಡ ಉಪಕಾರ. ಆ ನೀರು ಯಾರ ಕೊಡವನ್ನೂ ಜಾತಿ ಕೇಳಿ ತುಂಬಿರಲಾರದು.

ಶಾಲೆಗಳ ಪ್ರವಾಸದ ಬಸ್ಸುಗಳು ಗೋಳಗುಮ್ಮಟಕ್ಕೆ ಬಂದು ಹಾಗೆಯೇ ಹಿಂದಿರುಗುತ್ತವೆ. ಶಿಕ್ಷಕರು ಇನ್ನೊಂದರ್ಧ ದಿನ ಉಳಿಸಿ ತೊರವಿಗೂ ಬರಲಿ. ಮಹಲು, ಗುಡಿ, ಬಾವಿ ಮೂರನ್ನೂ ಒಂದೇ ಸುತ್ತಿನಲ್ಲಿ ತೋರಿಸಲಿ. ಕೆಡವಿದವನ ಧರ್ಮವನ್ನು ಕೇಳುವ ಮುಂಚೆ ಕಟ್ಟಿದವರ ಕಥೆಯನ್ನು ಮಕ್ಕಳು ಕೇಳಿದರೆ, ಅವರ ಪ್ರಶ್ನೆಗಳು ತಾವಾಗಿಯೇ ಬದಲಾಗುತ್ತವೆ.